ಮಲಾಜ್‌ನ ಮೀನುಗಳಿಗೆ ಬೂಸ್ಟು ಬಂದಾಗ

ನಂಬಬೇಡಿ. ಸಮುದ್ರ ಬಿಡಿ, ಒಂದು ತೋಡು ಕೂಡ ಕಣ್ಣಿಗೆ ಬೀಳದ ರಿಯಾದ್ ಪಟ್ಟಣದಲ್ಲಿ ನಾನು ಮೀನಿಗೆ ಮದ್ದು ಮಾಡಿ ಹೆಸರು ಮಾಡಿದವ ಎಂದರೆ ನಮ್ಮ ಊರಿನಲ್ಲಿ ಇವತ್ತಿಗೂ ಒಬ್ಬನೂ ನಂಬುವುದಿಲ್ಲ. ನೀವೂ ನಂಬದಿದ್ದರೆ ನನಗೇನೂ ನಷ್ಟವಿಲ್ಲ. ನಂಬದವರ ಎದುರು ಹೇಳುವುದರಲ್ಲೇ ನನಗೆ ಹೆಚ್ಚು ಖುಷಿ.

ಈಗ ನಾನಿರುವುದು ರಾಬಿಗ್‌ನಲ್ಲಿ, ರಿಫೈನರಿಗೆ ಸಾಮಾನು ಒದಗಿಸುವ ಒಂದು ಸ್ಟೋರಿನಲ್ಲಿ. ಕೋಣೆಯ ಕಿಟಕಿ ತೆರೆದರೆ ಸಮುದ್ರವೇ ಕಾಣುತ್ತದೆ. ಅದರಲ್ಲಿ ಬೇಕಾದಷ್ಟು ಮೀನು ಉಂಟು, ಒಂದಕ್ಕೂ ನನ್ನ ಅಗತ್ಯ ಇಲ್ಲ. ಆಗ ರಿಯಾದ್‌ನ ಮಲಾಜ್ ಬಡಾವಣೆಯಲ್ಲಿದ್ದ, ಸಾಕುವ ಮೀನು ಮಾರುವ ಆ ಸಣ್ಣ ಅಂಗಡಿ ನೆನಪಾಗುತ್ತದೆ. ಎರಡು ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ಪಂಪುಗಳ ಗುಳುಗುಳು, ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಯಾವಾಗಲೂ ಒದ್ದೆ ನೆಲ. ಅಲ್ಲಿದ್ದಷ್ಟು ದಿನ ಏನಾದರೊಂದು ಆಗದೆ ವಾರ ಮುಗಿದದ್ದಿಲ್ಲ. ಮೀನಿಗೆ ಬರುತ್ತಿದ್ದ ಕಾಯಿಲೆ ಒಂದೇ, ಆದರೆ ಅದಕ್ಕೆ ಒಬ್ಬೊಬ್ಬರದು ಒಂದೊಂದು ಹೆಸರು. ಆ ಹೆಸರುಗಳ ಮಧ್ಯೆ ಸಿಕ್ಕಿಬೀಳುತ್ತಿದ್ದವ ನಾನು.

ಅಲ್ಲಿಗೆ ಹೋದ ಕತೆ ಮೊದಲು ಹೇಳಿಬಿಡುತ್ತೇನೆ. ಊರಿನಲ್ಲಿ ದನದ ಡಾಕ್ಟ್ರು ಇಂಜೆಕ್ಷನ್ ಕೊಡಲಿಕ್ಕೆ ಬಂದಾಗ ದನದ ಕೊಂಬು ಹಿಡಿಯುವ ಕೆಲಸ ನನ್ನದು. ನಾನು ಹಿಡಿದರೆ ದನ ಅಲ್ಲಾಡುತ್ತಿರಲಿಲ್ಲ. ಮೀನಿನ ಅಂಗಡಿಗೆ ಜನ ಹುಡುಕುತ್ತಿದ್ದ ಸೌದಿಯ ಏಜೆಂಟ್ ಫೋನಿನಲ್ಲಿ, "ಪ್ರಾಣಿಗಳಿಗೆ ಮದ್ದು ಮಾಡಿದ ಅನುಭವ ಉಂಟಾ?" ಅಂತ ಕೇಳಿದ. "ನಾನಿಲ್ಲದಿದ್ರೆ ಡಾಕ್ಟ್ರೇ ಹಟ್ಟಿಯೊಳಗೆ ಹೋಗ್ತಿರ್ಲಿಲ್ಲ" ಎಂದೆ. ಅದು ಸುಳ್ಳಲ್ಲ. ಯುವಕ ಮಂಡಲದವರು ಶಾಲು ಹೊದಿಸಿದರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಫೋಟೋ ಹಾಕಿ ಬ್ಯಾನರ್ ಕಟ್ಟಿದರು: "ಸೌದಿ ಅರೇಬಿಯಾಕ್ಕೆ ತೆರಳುತ್ತಿರುವ ನಮ್ಮೂರ ಹೆಮ್ಮೆಯ ಮತ್ಸ್ಯ ವೈದ್ಯರಿಗೆ ಶುಭಾಶಯಗಳು." ಒಕ್ಕಣೆ ಕೂಡ ನನ್ನದೇ.

ಇಳಿದ ದಿನವೇ ಅಂಗಡಿಯ ಮ್ಯಾನೇಜರ್ ಹೇಳಿದ್ದು ಬೇರೆ. ಅವರು ಕಾಸರಗೋಡಿನವರು, ಕನ್ನಡ ಚೆನ್ನಾಗಿ ಬರುತ್ತದೆ, ನಾನು ಚೇಟ, ಎಂದರೆ ಅಣ್ಣ, ಎನ್ನುತ್ತಿದ್ದೆ. "ನೋಡು ಮೋನೇ, ಈಗ ನೀನು ಟ್ರಯಲಿನಲ್ಲಿದ್ದಿ. ಕಫೀಲ್‌ಗೆ ನಿನ್ನ ಕೆಲಸ ಹಿಡಿಸಿದ್ರೆ ಇಕಾಮಾ ಮಾಡಿಸ್ತಾರೆ. ಹಿಡಿಸದಿದ್ರೆ ಎಕ್ಸಿಟ್ ಹೊಡೆದು ವಾಪಸ್ ವಿಮಾನ ಹತ್ತಿಸ್ತಾರೆ." ಕಫೀಲ್ ಎಂದರೆ ನನ್ನನ್ನು ಕರೆಸಿಕೊಂಡ ಸೌದಿ ಯಜಮಾನ, ಇಕಾಮಾ ಎಂದರೆ ಇಲ್ಲಿ ಉಳಿಯಲಿಕ್ಕೆ ಬೇಕಾದ ಕಾರ್ಡು. ಅದಿಲ್ಲದವ ಇಲ್ಲಿ ಇದ್ದೂ ಇಲ್ಲದ ಹಾಗೆ. ನನಗೆ ಎಕ್ಸಿಟ್ಟಿನ ಹೆದರಿಕೆ ಇರಲಿಲ್ಲ. ಬಸ್ಸಿಳಿದ ಕೂಡಲೇ ಎದುರಾಗುವ ಆ ಬ್ಯಾನರಿನದ್ದು ಮಾತ್ರ ಇತ್ತು.

ಹತ್ತಿ

ಮರುದಿನ ಬೆಳಿಗ್ಗೆ ಚೇಟ ಒಂದು ತೊಟ್ಟಿ ತೋರಿಸಿ, "ಆ ಗೋಲ್ಡ್ ಫಿಶ್‌ನ ಮೈಮೇಲೆ ಹತ್ತಿ ಕಾಣ್ತದಲ್ಲ, ಅದಕ್ಕೆ ಒಂದು ವ್ಯವಸ್ಥೆ ಮಾಡು" ಎಂದು ಹೇಳಿ ಚಾ ಕುಡಿಯಲು ಹೋದರು.

ನೋಡಿದೆ. ಹೌದು, ಬಾಲದ ಬುಡದಲ್ಲಿ ಬಿಳಿ ಹತ್ತಿಯ ಸಣ್ಣ ಉಂಡೆ. ಪಕ್ಕದಲ್ಲೇ ನೀರು ಸೋಸುವ ಫಿಲ್ಟರ್, ಅದರ ತುಂಬ ಬಿಳಿ ಹತ್ತಿ. ಇಷ್ಟಕ್ಕೆ ಸೌದಿಯವರು ಇಂಡಿಯಾದಿಂದ ಜನ ಕರೆಸುತ್ತಾರಾ ಎಂದು ನಗು ಬಂತು. ಬಲೆಯಲ್ಲಿ ಮೀನನ್ನು ಎತ್ತಿ, ಕೊಂಬು ಹಿಡಿದ ಈ ಕೈಯಲ್ಲೇ ಮೆಲ್ಲಗೆ ಹತ್ತಿಯನ್ನು ಒರೆಸಿ ತೆಗೆದು, ಮೀನನ್ನು ನೀರಿಗೆ ಬಿಟ್ಟೆ. ಚೇಟ ಬರುವಾಗ ಮೀನು ಮಿರಿಮಿರಿ ಹೊಳೆಯುತ್ತಿತ್ತು.

"ಇಷ್ಟು ಬೇಗ?" ಎಂದರು.

"ನಮ್ಮಲ್ಲಿ ಎಲ್ಲಾ ಹೀಗೇ" ಎಂದೆ.

ಮಾರನೇ ದಿನ ನೋಡಿದರೆ ಅದೇ ಜಾಗದಲ್ಲಿ ಮತ್ತೆ ಹತ್ತಿ, ಮೊದಲಿಗಿಂತ ದೊಡ್ಡದು. ಪುನಃ ತೆಗೆದೆ. ಅದರ ಮಾರನೇ ದಿನ ಪಕ್ಕದ ಮೀನಿಗೂ ಹತ್ತಿ. ನನಗೆ ಸಿಟ್ಟು ಬಂತು. ಹೊಸಬನ ಹೆಸರು ಕೆಡಿಸಲು ಯಾರೋ ಬೇಕಂತಲೇ ಅಂಟಿಸುತ್ತಿದ್ದಾರೆ ಎನಿಸಿತು. ಅಂಗಡಿಯಲ್ಲಿ ಇದ್ದದ್ದು ನಾನು ಮತ್ತು ಚೇಟ ಇಬ್ಬರೇ. ಹಾಗಾಗಿ ನೇರವಾಗಿ ದೂರುವುದು ಬೇಡ ಅಂತ ಸುತ್ತಿ ಬಳಸಿ ಹೇಳಿದೆ, "ಚೇಟ, ಈ ಫಿಲ್ಟರಿನ ಹತ್ತಿ ಒಳ್ಳೇದಲ್ಲ, ಉದುರ್ತಾ ಉಂಟು. ಬೇರೆ ಕಂಪೆನಿಯದ್ದು ತರಿಸುವ."

ಚೇಟ ತೊಟ್ಟಿಗೆ ಮುಖ ಹತ್ತಿರ ಮಾಡಿ ನೋಡಿದರು. ಆಮೇಲೆ ನನ್ನನ್ನು ಅಷ್ಟೇ ಹತ್ತಿರದಿಂದ ನೋಡಿದರು. "ಎಡಾ, ಅದು ಹತ್ತಿ ಅಲ್ಲ. ಜೀವ ಇರುವ ಬೂಸ್ಟು. ಉಪ್ಪಿನಕಾಯಿ ಭರಣಿಯಲ್ಲಿ ಬರ್ತದಲ್ಲ, ಹಾಗೆ. ಗಾಯ ಆದಲ್ಲಿ, ನೀರು ಕೊಳಕಾದಲ್ಲಿ ಮೀನಿನ ಮೈಮೇಲೆ ಹುಟ್ಟಿ ಬೆಳೀತದೆ. ನೀನು ಒರೆಸಿದ್ದು ಅಲ್ಲ, ಗಾಯ ದೊಡ್ಡದು ಮಾಡಿ ಬಿತ್ತನೆ ಮಾಡಿದ್ದು."

ಅವತ್ತು ಅವರು ಎಲ್ಲವನ್ನೂ ಹೇಳಿಕೊಟ್ಟರು. ಕಾಯಿಲೆ ಬಂದದ್ದನ್ನು ಬೇರೆ ತೊಟ್ಟಿಗೆ ಹಾಕಬೇಕು, ನೀರು ಬದಲಿಸಬೇಕು, ಸ್ವಲ್ಪ ಬೆಚ್ಚಗೆ ಇಡಬೇಕು, ಉಪ್ಪು ನೀರಿನಲ್ಲಿ ಅದ್ದಬೇಕು, ಕೊನೆಗೆ ನೀಲಿ ಮದ್ದು. ಒಮ್ಮೆ ಕೇಳಿದ್ದಕ್ಕೆ ನನಗೆ ಪೂರಾ ಬಾಯಿಪಾಠ ಆಯಿತು. ಎರಡು ಮೀನೂ ಉಳಿದವು.

ಉಪ್ಪಿನಕಾಯಿಯ ಉದಾಹರಣೆ ಮಾತ್ರ ಅವರು ಕೊಡಬಾರದಿತ್ತು. ಆ ತಿಂಗಳು ಪೂರ್ತಿ ನಾನು ಊಟಕ್ಕೆ ಉಪ್ಪಿನಕಾಯಿ ಮುಟ್ಟಲಿಲ್ಲ.

ನೀಲಿ

ನಮ್ಮ ಕೋಣೆಯಲ್ಲಿ ಉಳ್ಳಾಲ ಕಡೆಯ ಒಬ್ಬರು ಬ್ಯಾರಿ ಹಿರಿಯರಿದ್ದರು. ದಿನಸಿ ಅಂಗಡಿಯಲ್ಲಿ ಕೆಲಸ. ನಾನು ಕಾಕ ಎನ್ನುತ್ತಿದ್ದೆ. ನನ್ನ ಬಡಾಯಿಯನ್ನು ಪೂರ್ತಿ ಕೇಳಿ, ಕೊನೆಗೆ "ಆಯ್ತಾ? ಇನ್ನು ಊಟ ಮಾಡುವ" ಎನ್ನುತ್ತಿದ್ದ ಏಕೈಕ ಮನುಷ್ಯ.

ನೀಲಿ ಮದ್ದಿನ ಲೆಕ್ಕ ಕೈಗೆ ಕೂರಬೇಕು ಅಂತ ಒಂದು ಬಾಟಲಿಯನ್ನು ಕೋಣೆಗೆ ತಂದು ಬಚ್ಚಲಿನ ಹಲಗೆಯ ಮೇಲೆ ಇಟ್ಟಿದ್ದೆ. ಲೋಟದ ನೀರಿಗೆ ಹನಿ ಹಾಕಿ ಬಣ್ಣ ನೋಡುವುದು ನನ್ನ ಅಭ್ಯಾಸ. ಶುಕ್ರವಾರ ಬೆಳಿಗ್ಗೆ ನಾನು ಏಳುವ ಮೊದಲೇ ಕಾಕ ಬಟ್ಟೆ ಒಗೆಯಲು ಕೂತಿದ್ದರು. ಬಿಳಿ ಬಟ್ಟೆ ಒಗೆದ ಮೇಲೆ ಕೊನೆಯ ನೀರಿಗೆ ನೀಲಿ ಹಾಕುವುದು ನಮ್ಮ ಕಡೆಯವರ ರಕ್ತದಲ್ಲೇ ಉಂಟು. ಎದುರಿಗೇ ನೀಲಿ ಬಾಟಲಿ. ಒಂದು ಮುಚ್ಚಳ ಹಾಕಿದರಂತೆ. ಇಲ್ಲಿಯ ನೀಲಿ ಒಳ್ಳೆ ಪವರಿನದ್ದು ಅನ್ನಿಸಿತಂತೆ. ಚೆಂದ ಬರಲಿ ಅಂತ ಇನ್ನೊಂದು ಮುಚ್ಚಳ.

ನಾನು ಎದ್ದು ನೋಡುವಾಗ ಕಾಕನ ಜುಮಾ ನಮಾಜಿನ ಬಿಳಿ ಜುಬ್ಬ ಹಗ್ಗದ ಮೇಲೆ ನವಿಲಿನ ಹಾಗೆ ತೂಗುತ್ತಿತ್ತು. ಅದರ ಕೆಳಗೆ ನಿಂತ ಕಾಕನ ಎರಡು ಕೈಗಳೂ ಮೊಣಕೈಯವರೆಗೆ ನೀಲಿ.

"ಇದು ಎಂತ ಬಾಟ್ಲಿ ಮಾರಾಯ?" ಎಂದು ಮೆಲ್ಲಗೆ ಕೇಳಿದರು.

"ಮೀನಿನ ಮದ್ದು ಕಾಕ. ಬೂಸ್ಟಿಗೆ ಹಾಕುವುದು."

"ಹೋಗ್ತದಾ?"

"ಬೂಸ್ಟು ಖಂಡಿತ ಹೋಗ್ತದೆ. ಬಣ್ಣ ಹೋಗುವುದಿಲ್ಲ."

ನಾನು ನನ್ನ ಹೊಸ ಬಿಳಿ ಶರ್ಟನ್ನು ಅವರಿಗೆ ಕೊಟ್ಟೆ. ಅವರ ಹೊಟ್ಟೆ ದೊಡ್ಡದು, ನನ್ನದು ಕ್ರಿಕೆಟ್ ಆಡಿದ ಮೈ. ಗುಂಡಿ ಸೇರಲಿಲ್ಲ. ಕೊನೆಗೆ ಆ ನವಿಲು ಜುಬ್ಬದಲ್ಲೇ ಮಸೀದಿಗೆ ಹೋದರು. ನಾನು ತಲೆ ತಗ್ಗಿಸಿ ಬಾಗಿಲಲ್ಲೇ ಕಾದೆ. ವಾಪಸ್ ಬಂದವರು ಬೈಯುತ್ತಾರೆ ಅಂದುಕೊಂಡರೆ, ಕುರ್ಚಿಯಲ್ಲಿ ಕೂತು ಜುಬ್ಬದ ತೋಳು ನೋಡಿಕೊಳ್ಳುತ್ತಾ ಹೇಳಿದರು, "ಒಂದು ಲಾಭ ಉಂಟು ಮಾರಾಯ. ಇನ್ನು ಸಾಯುವವರೆಗೆ ನನಗೆ ಬೂಸ್ಟು ಹಿಡಿಯುವುದಿಲ್ಲ."

ಕಾಕನಿಗೆ ಬಾರದ ಕೋಪ ಚೇಟನಿಗೆ ಬಂತು. ಅದೇ ದಿನ ಕಫೀಲ್ ಅಂಗಡಿಗೆ ಬಂದು ನೀಲಿ ಬಾಟಲಿ ಎಲ್ಲಿ ಅಂತ ಕೇಳಿದ್ದರಂತೆ. "ಒಗೆಯಲಿಕ್ಕೆ ಹೋಗಿದೆ ಅಂತ ಹೇಳ್ಬೇಕಿತ್ತಾ ನಾನು?" ಎಂದರು ಚೇಟ.

ಬೂಸ್ಟು

ಮಲಾಜ್‌ನಲ್ಲೇ ಮೈಸೂರಿನ ಒಂದು ಸಂಸಾರ ಇತ್ತು. ಸಾಹೇಬರು ಇಂಜಿನಿಯರ್, ಮೇಡಂ ಮನೆಯಲ್ಲಿ, ಇಂಡಿಯನ್ ಸ್ಕೂಲಿಗೆ ಹೋಗುವ ಒಬ್ಬಳು ಮಗಳು. ಅವಳ ಬೆಟ್ಟಾ ಮೀನಿಗೆ ರೆಕ್ಕೆಯಲ್ಲಿ ಬಿಳಿ ಬಂದಿತ್ತು. ಅಮ್ಮ ಮಗಳು ಇಬ್ಬರೂ ಅದನ್ನು ಜಾಮ್ ಬಾಟಲಿಯಲ್ಲಿ ಹಾಕಿಕೊಂಡು ಬಂದರು. ಹುಡುಗಿಗೆ ಕನ್ನಡ ಅರ್ಧಂಬರ್ಧ, ಇಂಗ್ಲಿಷ್ ನೀರು ಕುಡಿದ ಹಾಗೆ.

"ಏನಾಗಿದೆ ಅಂಕಲ್ ಇದಕ್ಕೆ?" ಎಂದಳು. ಅಂಕಲ್ ಎಂದದ್ದು ನನಗೆ ಹಿಡಿಸಲಿಲ್ಲ. ಆದರೂ ಡಾಕ್ಟ್ರ ಗತ್ತಿನಲ್ಲಿ ಬಾಟಲಿಯನ್ನು ಬೆಳಕಿಗೆ ಹಿಡಿದು, "ಬೂಸ್ಟು ಬಂದಿದೆ" ಎಂದೆ.

ಹುಡುಗಿಯ ಮುಖ ಅರಳಿತು. "ಬೂಸ್ಟಾ? ರಿಯಲೀ?"

"ರಿಯಲಿ. ನೋಡಿದ ಕೂಡಲೇ ಗೊತ್ತಾಯ್ತು. ಹೀಗೇ ಬಿಟ್ರೆ ಮೈಯಿಡೀ ಹರಡ್ತದೆ."

"ವಾವ್" ಎಂದಳು.

ಕಾಯಿಲೆಗೆ ವಾವ್ ಎನ್ನುವ ಮಕ್ಕಳನ್ನು ನಾನು ನೋಡಿರಲಿಲ್ಲ. ಮೈಸೂರಿನವರು ಧೈರ್ಯವಂತರು ಅಂದುಕೊಂಡೆ. ಮೇಡಂ ಆಗ ಫೋನಿನಲ್ಲಿದ್ದರು. ಉಪ್ಪು, ಮದ್ದು ಎಲ್ಲ ಕಟ್ಟಿಕೊಟ್ಟು, ಹೇಗೆ ಹಾಕುವುದೆಂದು ಹುಡುಗಿಗೇ ಹೇಳಿ ಕಳಿಸಿದೆ.

ವಾರ ಕಳೆದು ಮೇಡಂ ಒಬ್ಬರೇ ಬಂದರು. ನಗುವುದೋ ಬೈಯುವುದೋ ತಿಳಿಯದ ಮುಖ. "ಏನ್ರೀ ಹೇಳಿದ್ರಿ ನೀವು ನಮ್ಮ ಮಗಳಿಗೆ? ಔಷಧಿ ಹಾಕೋಕೆ ಬಿಡ್ತಾನೇ ಇಲ್ಲ. ಮೀನಿಗೆ ಬೂಸ್ಟ್ ಸಿಕ್ಕಿದೆ, ಗೇಮಲ್ಲಿ ಸಿಗತ್ತಲ್ಲ ಹಾಗೆ, ಇನ್ನು ಅದಕ್ಕೆ ಡಬಲ್ ಪವರ್, ಮುಟ್ಟಬೇಡಿ ಅಂತ ಕೂತಿದಾಳೆ. ಸ್ಕೂಲಲ್ಲೆಲ್ಲ ಹೇಳ್ಕೊಂಡು ಬಂದಿದಾಳೆ. ಅವಳ ಫ್ರೆಂಡ್ಸ್ ಬಂದು ಸೆಲ್ಫಿ ಬೇರೆ ತಗೊಂಡ್ರು."

"ಮೇಡಂ, ಬೂಸ್ಟು ಅಂದ್ರೆ..."

"ನಂಗೊತ್ತು ಕಣ್ರೀ. ಅವಳಿಗೆ ಗೊತ್ತಿಲ್ವಲ್ಲ."

ನಾನೇ ಅವರ ಮನೆಗೆ ಹೋಗಿ ಮೀನಿಗೆ ಮದ್ದು ಮಾಡಿದೆ. ದಿನಾ ಸಾಯಂಕಾಲ ಹೋಗಿ ನೀರು ಬದಲಿಸಿದೆ. ಮೇಡಂ ಕೊಟ್ಟ ಫಿಲ್ಟರ್ ಕಾಫಿಯ ರುಚಿ ಈಗಲೂ ನಾಲಿಗೆಯಲ್ಲಿ ಉಂಟು. ಮೀನು ಪೂರ್ತಿ ಗುಣವಾಯಿತು, ರೆಕ್ಕೆ ಬಿಚ್ಚಿ ರಾಜನ ಹಾಗೆ ತಿರುಗತೊಡಗಿತು. ನಾನು ಬಾಗಿಲಲ್ಲಿ ಚಪ್ಪಲಿ ಹಾಕುತ್ತಿದ್ದಾಗ ಒಳಗಿನಿಂದ ಹುಡುಗಿಯ ಅಳು ಕೇಳಿಸಿತು: "ಮಮ್ಮೀ, ಆ ಅಂಕಲ್ ಬಂದು ನನ್ನ ಫಿಶ್‌ನ ನಾರ್ಮಲ್ ಮಾಡ್ಬಿಟ್ರು."

ಅವಳ ಅಪ್ಪ ಕಫೀಲ್‌ಗೆ ಫೋನ್ ಮಾಡಿ ತಮಾಷೆಗೆಂದು ಈ ಕತೆ ಹೇಳಿದರಂತೆ. ಅರಬಿಯಲ್ಲಿ ಅದು ತಮಾಷೆಯಾಗಿ ಕೇಳಿಸಲಿಲ್ಲ. ಚೇಟ ನನ್ನನ್ನು ಕರೆದು, "ಇಕಾಮಾಕ್ಕೆ ಇನ್ನೂ ಹಾಕಿಲ್ಲ. ರಮ್ಜಾನ್ ಮುಗಿಯುವವರೆಗೆ ನೋಡ್ತೇನೆ ಅಂದಿದ್ದಾರೆ. ಇನ್ನೊಂದು ದೂರು ಬಂದ್ರೆ ನನ್ನ ಕೈಯಲ್ಲಿ ಇಲ್ಲ ಮೋನೇ" ಎಂದರು. ಆ ದಿನ ನಾನು ಕಾಕನ ಎದುರು ಬಡಾಯಿ ಕೊಚ್ಚಲಿಲ್ಲ. ಜ್ವರ ಬಂತಾ ಅಂತ ಅವರು ನನ್ನ ಹಣೆ ಮುಟ್ಟಿ ನೋಡಿದರು.

ಫುತ್ರ್

ರಮ್ಜಾನಿನ ಒಂದು ಮಧ್ಯಾಹ್ನ. ಚೇಟ ಇರಲಿಲ್ಲ. ಕಫೀಲ್‌ನ ಫೋನ್ ನೇರ ನನಗೇ ಬಂತು. ನನ್ನ ಅರಬಿ ಎಷ್ಟೆಂದು ಅವರಿಗೆ ಗೊತ್ತು. ಹಾಗಾಗಿ ಮಗುವಿಗೆ ಹೇಳಿದ ಹಾಗೆ ಒಂದೊಂದೇ ಶಬ್ದ ಹೇಳಿದರು. ನನಗೆ ಕೇಳಿಸಿದ್ದು ಇಷ್ಟು: ಮೀನು. ಫುತೂರ್. ನನ್ನ ತಂದೆಯ ಮನೆ. ಮಗ್ರಿಬ್‌ಗೆ ಮೊದಲು ಬಾ.

ಮಗ್ರಿಬ್ ಎಂದರೆ ಸಂಜೆಯ ನಮಾಜು, ಫುತೂರ್ ಎಂದರೆ ಇಲ್ಲಿ ರಮ್ಜಾನಿನಲ್ಲಿ ಆ ಹೊತ್ತಿಗೆ ಉಪವಾಸ ಬಿಡುವ ಊಟ. ಅದು ನನಗೆ ಗೊತ್ತಿದ್ದ ಮೊದಲ ಹತ್ತು ಅರಬಿ ಶಬ್ದಗಳಲ್ಲಿ ಒಂದು. ನಾನು ಓಡಿ ಹೋಗಿ ಕಾಕನಿಗೆ ಹೇಳಿದೆ.

"ಕಫೀಲ್‌ನ ಅಪ್ಪನ ಮನೆಯಲ್ಲಿ ಮೀನಿನ ಫುತೂರಾ?" ಕಾಕ ಎದ್ದು ನಿಂತರು. "ಹಾಗಾದ್ರೆ ನಿನ್ನ ಇಕಾಮಾ ಆಯ್ತು ಅಂತ ಲೆಕ್ಕ. ಹಮೂರ್ ಮೀನು ಇಡೀ ಇಡೀ ಸುಟ್ಟು ಇಡ್ತಾರೆ. ಈಗ ಎಂತದೂ ತಿನ್ಬೇಡ, ಹೊಟ್ಟೆ ಖಾಲಿ ಇಟ್ಕೊ."

ನಾನು ಮಧ್ಯಾಹ್ನದ ಊಟ ಬಿಟ್ಟೆ. ಸ್ನಾನ ಮಾಡಿ, ಕಾಕನಿಗೆ ಗುಂಡಿ ಸೇರದ ಕಾರಣ ನನ್ನ ಬಳಿಯೇ ಉಳಿದಿದ್ದ ಬಿಳಿ ಶರ್ಟು ಹಾಕಿದೆ. ಕಾಕ ತನ್ನ ಅತ್ತರು ಹಚ್ಚಿದರು. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು, ಊರಿಂದ ಯಾರೋ ತಂದುಕೊಟ್ಟಿದ್ದ ಕಪ್ಪು ಹಲ್ವದ ಡಬ್ಬವನ್ನೂ ಕೊಟ್ಟರು.

ಬಾಗಿಲು ತೆರೆದವರು ಕಫೀಲ್‌ನ ತಂದೆಯೇ. ಬಿಳಿ ಗಡ್ಡ, ಕೋಲು, ಇಡೀ ದಿನ ನೀರು ಕುಡಿಯದ ಮುಖ. ಬಾಂಬೆಯಲ್ಲಿ ಹಳೆಯ ಕಾಲದಲ್ಲಿ ವ್ಯಾಪಾರ ಮಾಡಿದವರಂತೆ, ಹಿಂದಿ ಸುಮಾರಾಗಿ ಬರುತ್ತಿತ್ತು. ನಾನು ಎರಡು ಕೈಯಲ್ಲಿ ಡಬ್ಬ ಕೊಟ್ಟೆ. ಅವರು ಮುಚ್ಚಳ ತೆಗೆದು ಹಲ್ವ ನೋಡಿದರು. ಮೂಸಿದರು.

"ಇದಾ ಮದ್ದು?"

"ಮದ್ದಲ್ಲ ಬಾಬಾ, ಸಿಹಿ."

"ಮೀನಿಗೆ ಸಿಹಿಯಾ?"

"ಮೀನಿಗಲ್ಲ, ನಿಮಗೆ. ಮೀನು ನನಗೆ."

ಮುದುಕರು ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಒಳಗೆ ಕರೆದುಕೊಂಡು ಹೋದರು. ಗೋಡೆಯ ಬದಿಗೆ ಒಂದು ದೊಡ್ಡ ತೊಟ್ಟಿ, ಅದರಲ್ಲಿ ಒಂದೇ ಒಂದು ಆಸ್ಕರ್ ಮೀನು, ನನ್ನ ಅಂಗೈಗಿಂತ ದೊಡ್ಡದು, ಓರೆಯಾಗಿ ತೇಲುತ್ತಿತ್ತು. ಬೆನ್ನಿನಿಂದ ಕಣ್ಣಿನವರೆಗೆ ಬಿಳಿ ಹತ್ತಿ.

"ಫುತ್ರ್" ಎಂದರು ಅವರು, ಕೋಲಿನಲ್ಲಿ ಆ ಹತ್ತಿಯನ್ನು ತೋರಿಸಿ.

ನನಗೆ ಆ ಕ್ಷಣ ಎಲ್ಲವೂ ತಿಳಿಯಿತು. ಅರಬಿಯಲ್ಲಿ ಬೂಸ್ಟಿಗೆ ಫುತ್ರ್ ಎನ್ನುತ್ತಾರೆ. ನನ್ನ ಕಿವಿ ಅದಕ್ಕೆ ಒಂದು ದೀರ್ಘ ಸೇರಿಸಿ ಊಟ ಮಾಡಿಬಿಟ್ಟಿತ್ತು. ಜೇಬಿನಲ್ಲಿ ಮದ್ದಿಲ್ಲ, ಕೈಯಲ್ಲಿ ಬಲೆಯಿಲ್ಲ, ಮೈಯಲ್ಲಿ ಅತ್ತರಿನ ಪರಿಮಳ ಮಾತ್ರ.

"ಇದು ನನ್ನ ಹೆಂಡತಿ ಸಾಕಿದ್ದು" ಎಂದರು ಮುದುಕರು. "ಅವಳು ಹೋದಳು. ಇದು ಉಂಟು. ನಾನು ಬೆಳಿಗ್ಗೆ ಸಲಾಂ ಹೇಳಿದರೆ ಗಾಜಿನ ಹತ್ತಿರ ಬರುತ್ತಿತ್ತು. ಎರಡು ದಿನದಿಂದ ಬರುವುದಿಲ್ಲ."

ಇಕಾಮಾದ ಯೋಚನೆ ಆಗ ನನ್ನ ತಲೆಯಿಂದ ಹೋಯಿತು ಎಂದರೆ ಸುಳ್ಳಾದೀತು. ಆದರೆ ಸ್ವಲ್ಪ ಹಿಂದಕ್ಕೆ ಸರಿದು ನಿಂತಿತು. ಶರ್ಟಿನ ತೋಳು ಮಡಚಿ, "ಬಾಬಾ, ಅಡುಗೆಮನೆ ತೋರಿಸಿ" ಎಂದೆ.

"ಅಡುಗೆಮನೆ ಯಾಕೆ?" ಅವರ ಅನುಮಾನ ಪುನಃ ಜಾಗೃತವಾಯಿತು. ನಾನು ಮೀನು ನನಗೆ ಎಂದದ್ದನ್ನು ಅವರು ಮರೆತಿರಲಿಲ್ಲ.

"ಉಪ್ಪು ಬೇಕು."

ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಆದರೂ ತೋರಿಸಿದರು. ಎರಡು ಡಬ್ಬಗಳಲ್ಲಿ ಬಿಳಿ ಹರಳು, ಒಂದು ಉಪ್ಪು ಒಂದು ಸಕ್ಕರೆ. ಗೊತ್ತಾಗಲಿ ಅಂತ ಚಿಟಿಕೆ ತೆಗೆದು ನಾಲಿಗೆಗೆ ಇಟ್ಟೆ. ಮುದುಕರು, ಅಡುಗೆಯವ ಇಬ್ಬರೂ ಹೌಹಾರಿದರು. ಮಸೀದಿಯ ಬಾಂಗ್ ಆಗಿ ಉಪವಾಸ ಬಿಡಲಿಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು.

"ನಾನು ಹಿಂದೂ ಬಾಬಾ, ನನಗೆ ಉಪವಾಸ ಇಲ್ಲ" ಎಂದೆ. ಹಾಗೆ ಹೇಳುವಾಗಲೇ ನನ್ನ ಹೊಟ್ಟೆ ಕೋಣೆಗೆಲ್ಲ ಕೇಳುವ ಹಾಗೆ ಗುರ್ ಎಂದಿತು.

"ನಿನ್ನ ಹೊಟ್ಟೆ ಬೇರೆ ಹೇಳ್ತದೆ" ಎಂದರು ಮುದುಕರು.

ಬಕೆಟಿಗೆ ತೊಟ್ಟಿಯದ್ದೇ ನೀರು ಹಾಕಿ, ಉಪ್ಪು ಕರಗಿಸಿ, ಮೀನನ್ನು ಎರಡು ಕೈಯಲ್ಲಿ ಎತ್ತಿ ಇಳಿಸಿದೆ. ಅದು ನನ್ನ ಬಿಳಿ ಶರ್ಟಿಗೆ ಒಮ್ಮೆ ಬಾಲದಲ್ಲಿ ಬಾರಿಸಿತು. ನಾನು ಬಕೆಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಕಿವಿರನ್ನೇ ನೋಡುತ್ತಿದ್ದೆ. ಮುದುಕರು ಕುರ್ಚಿ ಎಳೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಮೀನು ಇನ್ನಷ್ಟು ವಾಲತೊಡಗಿದ ಕೂಡಲೇ ತೆಗೆದು, ಅಡುಗೆಯವ ನೀರು ಬದಲಿಸಿಟ್ಟ ತೊಟ್ಟಿಗೆ ಬಿಟ್ಟೆ. ಅಷ್ಟರಲ್ಲಿ ಬಾಂಗ್ ಕೇಳಿಸಿತು. ಮುದುಕರು ಒಂದು ಖರ್ಜೂರವನ್ನು ತಾನು ತಿಂದು, ಇನ್ನೊಂದನ್ನು ನನ್ನ ಬಾಯಿಗೇ ಹಾಕಿದರು. ನನ್ನ ಕೈ ಮೀನಿನ ವಾಸನೆ ಹೊಡೆಯುತ್ತಿತ್ತಲ್ಲ.

ಊಟಕ್ಕೆ ಕೂತಾಗ ಮುಚ್ಚಿಡುವುದೇಕೆಂದು ಎಲ್ಲ ಹೇಳಿಬಿಟ್ಟೆ. ಫೋನು, ಫುತೂರು, ಖಾಲಿ ಹೊಟ್ಟೆ, ಸುಟ್ಟ ಹಮೂರು. ಮುದುಕರು ಸೂಪಿನ ಬಟ್ಟಲು ಕೆಳಗಿಟ್ಟರು. ಮೊದಲು ಭುಜ ಅಲ್ಲಾಡಿತು, ಆಮೇಲೆ ಗಡ್ಡ, ಆಮೇಲೆ ಕಣ್ಣಲ್ಲಿ ನೀರು. ಅಡುಗೆಯವ ಓಡಿ ಬಂದು ಬೆನ್ನು ಸವರಿದ. ಅವತ್ತು ಆ ಮನೆಯಲ್ಲಿ ಸಂಬೂಸ ಇತ್ತು, ಮಾಂಸದ ಅನ್ನ ಇತ್ತು, ನನ್ನದೇ ಹಲ್ವ ಇತ್ತು. ಮೀನು ಮಾತ್ರ ಇರಲಿಲ್ಲ. ತೊಟ್ಟಿಯಲ್ಲಿದ್ದದ್ದನ್ನು ತೋರಿಸಿ, "ಅದನ್ನು ಕೇಳ್ಬೇಡ" ಎಂದರು ಮುದುಕರು.

ಈದ್‌ನವರೆಗೆ ದಿನಾ ಹೋದೆ. ನೀಲಿ ಮದ್ದು, ಬೆಚ್ಚಗಿನ ನೀರು, ನನ್ನ ಕೈಗುಣ. ದಿನಾ ಫುತೂರಿಗೆ ಕೂರಿಸಿದರು. ಹಬ್ಬದ ಬೆಳಿಗ್ಗೆ ಮುದುಕರು ಸಲಾಂ ಹೇಳಿದಾಗ ಮೀನು ಗಾಜಿನ ಹತ್ತಿರ ಬಂತು. ಅವರು ನನ್ನ ಕೈ ಹಿಡಿದುಕೊಂಡರು, ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನನ್ನ ಜೀವಮಾನದಲ್ಲಿ ಅದು ದೊಡ್ಡ ಸಂಗತಿ.

ಹಬ್ಬ ಕಳೆದ ಮೇಲೆ ಕಫೀಲ್ ಅಂಗಡಿಗೆ ಬಂದು ಒಂದು ಕಾರ್ಡನ್ನು ನನ್ನ ಕೈಯಲ್ಲಿಟ್ಟರು. ಅರಬಿ ಓದಲು ಬಾರದ ನಾನು ಅದನ್ನು ಚೇಟನಿಗೆ ಕೊಟ್ಟು, "ಉದ್ಯೋಗದ ಜಾಗದಲ್ಲಿ ಡಾಕ್ಟರ್ ಅಂತ ಉಂಟಾ?" ಎಂದೆ. ಚೇಟ ಓದಿದರು, ಕನ್ನಡಕ ಒರೆಸಿ ಪುನಃ ಓದಿದರು, ಕಫೀಲ್‌ನ ಕಡೆ ನೋಡಿದರು.

"ನನ್ನ ತಂದೆ ಹೇಳಿ ಬರೆಸಿದ್ದು" ಎಂದರು ಕಫೀಲ್, ನಗು ಬರದ ಹಾಗೆ ತುಟಿ ಬಿಗಿದುಕೊಂಡು; ಚೇಟ ಕನ್ನಡ ಮಾಡಿ ಹೇಳಿದರು. "ಮೀನು ಬೇಕು ಅಂತ ಮನೆ ಬಾಗಿಲಿಗೇ ಬಂದವನಿಗೆ ಬೇರೆ ಏನು ಬರೆಯುವುದು ಅಂತ ಕೇಳಿದರು."

ಹಾಗೆ ನನಗೆ ಸಿಕ್ಕಿದ್ದು ಇಕಾಮಾ. ಊರು: ರಿಯಾದ್. ಉದ್ಯೋಗ: ಮೀನು ಹಿಡಿಯುವವ.